ಜಾಗ ಇಲ್ಲ ಅನ್ನುವವರು

"ಜಾಗ ಇಲ್ಲ" ಎಂದು ಹೇಳಿ ಬಾಗಿಲು ಹಾಕಿಕೊಳ್ಳಿ, ಅಷ್ಟೇ. ನಿಲಂಗಾದ ನಮ್ಮ ಓಣಿಯ ಎರಡು ಮನೆಯವರಿಗೆ ಈ ಒಂದು ಮಾತು ಕಲಿಸಲು ಹೋಗಿ ನನ್ನ ತಲೆ ಚಿಟ್ಟು ಹಿಡಿಯಿತು. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎನ್ನೋಣವೆಂದರೆ ಕೋಣ ಸುಮ್ಮನಾದರೂ ನಿಲ್ಲುತ್ತದೆ. ಇವರು ಎದುರು ಪ್ರಶ್ನೆ ಕೇಳುತ್ತಾರೆ.

ಪದ್ಧತಿ ನನ್ನ ಅವ್ವನದು. ಅವ್ವ ಕ್ರೈಸ್ತಳಾದ ವರ್ಷ ನಾನು ಅವಳ ಹೊಟ್ಟೆಯಲ್ಲಿದ್ದೆ. ದಿನ ತುಂಬಿದಾಗ ತವರಿಗೆ ಹೋದಳು. ತವರಿನವರು ಹೊಸ್ತಿಲಲ್ಲೇ ನಿಲ್ಲಿಸಿ ಜಾಗ ಇಲ್ಲ ಎಂದರು. ನಾನು ಹುಟ್ಟಿದ್ದು ಬೀದರಿನ ಮಿಷನ್ ಕಂಪೌಂಡಿನಲ್ಲಿ. ಅಲ್ಲಿಂದಾಚೆ ಪ್ರತಿ ಕ್ರಿಸ್ಮಸ್ಸಿನ ಹಿಂದಿನ ಸಂಜೆ ಅವ್ವ ಮಣ್ಣಿನ ಮರಿಯಮ್ಮ, ಯೋಸೇಫರನ್ನು ಬುಟ್ಟಿಯಲ್ಲಿಟ್ಟು ಮಕ್ಕಳ ಕೈಗೆ ಕೊಡುತ್ತಿದ್ದಳು. ಹೆರಿಗೆಗೆ ಊರಲ್ಲೆಲ್ಲೂ ಜಾಗ ಸಿಗದೆ ಮರಿಯಮ್ಮ ಹಟ್ಟಿಯಲ್ಲಿ ಹೆತ್ತು, ಕೂಸನ್ನು ದನದ ಮೇವಿನ ಗೋದಲಿಯಲ್ಲಿ ಮಲಗಿಸಿದ ಕಥೆಯ ಆಟ ಅದು. ನಾವು ಕಂಪೌಂಡಿನ ಮನೆಮನೆಗೆ ಹೋಗಿ ಬಾಗಿಲು ಬಡಿಯಬೇಕು, ಅವರು ಜಾಗ ಇಲ್ಲ ಎನ್ನಬೇಕು, ಕಡೆಗೆ ನಮ್ಮ ಮನೆಯ ಗೋದಲಿಯಲ್ಲಿ ಮೂರ್ತಿಗಳನ್ನು ಇಳಿಸಬೇಕು. ಕರ್ಚಿಕಾಯಿ ಸಿಗುವುದು ಆಮೇಲೆ, ಮಣ್ಣಿನ ಕೂಸನ್ನು ಗೋದಲಿಗೆ ಹಾಕುವುದು ಮರುದಿನ ಬೆಳಿಗ್ಗೆ.

ನಿಲಂಗಾದಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ನನ್ನ ಯಜಮಾನರು ಸರ್ಕಾರಿ ದವಾಖಾನೆಯಲ್ಲಿ ಕಂಪೌಂಡರ್. ಪೊಲೀಸ್ ಆಕ್ಷನ್ ಮುಗಿದ ಮೇಲೆ ಇಲ್ಲಿಗೆ ವರ್ಗವಾಗಿ ಬಂದೆವು. ಬಂದಾಗಿನಿಂದ ನಾನೇ ಅಡುಗೆಮನೆಯ ಕದದ ಹಿಂದೆ ನಿಂತು ಜಾಗ ಇಲ್ಲ ಎನ್ನುವುದು, ಮಕ್ಕಳು ಹಿತ್ತಿಲ ಬಾಗಿಲಿಗೆ ಹೋಗುವುದು, ನಾನು ಅಲ್ಲಿಗೆ ಓಡಿ ಮತ್ತೆ ಅದನ್ನೇ ಎನ್ನುವುದು. ಈ ವರ್ಷ ಮಗಳು ರಾಹೇಲ, ಒಳಗಿರುವುದು ನೀನೇ ಎಂದು ಗೊತ್ತಿದ್ದೂ ಎಷ್ಟು ಸಲ ಬಡಿಯಲಿ ಎಂದು ಮುಖ ಸಿಂಡರಿಸಿದಳು. ಅವಳ ತಮ್ಮ ತಿಮೋತಿ ಮೊದಲು ಕರ್ಚಿಕಾಯಿ ಕೊಡು ಎಂದ. ನನಗೆ ಎರಡು ಬಿಗಿಯಬೇಕೆನಿಸಿತು. ಅವ್ವ ತೀರಿಹೋಗಿ ಒಂದು ಮಳೆಗಾಲ ಕಳೆದಿರಲಿಲ್ಲ. ಅಜ್ಜಿಯನ್ನು ಬಾಗಿಲಿಂದ ಹೊರಗೆ ಹಾಕಿದ್ದರೆಂದು ಈ ಮಕ್ಕಳಿಗೆ ತಿಳಿಯುವುದು ಇದೊಂದೇ ಆಟದಿಂದ. ಇದೂ ನಿಂತರೆ ಅವ್ವ ಪಟ್ಟ ಪಾಡು ನನ್ನ ಜೊತೆಗೇ ಮಣ್ಣಾಗುತ್ತದೆ. ಆ ಸಂಕಟಕ್ಕೇ, ಆಗಲಿ, ಓಣಿಯ ಮನೆಗಳಿಗೇ ಹೋಗಿ ಬಡಿಯಿರಿ ಎಂದುಬಿಟ್ಟೆ.

ಮೊದಲ ಮನೆ ಕುರಿ ಸಾಕುವ ಗುರಮ್ಮನದು. ಮಧ್ಯಾಹ್ನವೇ ಹೋಗಿ ಕಲಿಸಿ ಬಂದಿದ್ದೆ, ತಲೆ ಆಡಿಸಿದ್ದಳು. ಸಂಜೆ ಮಕ್ಕಳು ಬಡಿದರು. ನಾನು ಮರೆಯಲ್ಲಿ ನಿಂತು ಕೇಳುತ್ತಿದ್ದೆ. ಗುರಮ್ಮ ಜಾಗ ಇಲ್ಲ ಎಂದೇನೋ ಅಂದಳು. ಅಂದವಳು ಅಷ್ಟಕ್ಕೇ ಬಾಯಿ ಮುಚ್ಚಬಾರದೆ? ಮನೆಯೊಳಗೆ ಇಲ್ಲ, ಕುರಿಹಟ್ಟಿಯಲ್ಲಿ ಬೇಕಾದಷ್ಟು ಇದೆ, ಹುಲ್ಲು ಹಾಸಿದ್ದೇನೆ, ಬೆಚ್ಚಗಿರುತ್ತದೆ ಎಂದು ಬುಟ್ಟಿಗೇ ಕೈ ಹಾಕಿದಳು. ಹಟ್ಟಿಯೇ ಕಥೆಯ ಕೊನೆ. ಮೊದಲ ಬಾಗಿಲಲ್ಲೇ ಕಥೆ ಮುಗಿಸಿಬಿಟ್ಟಳಲ್ಲ ಮಹಾತಾಯಿ. ನಾನು ಓಡಿ ಹೋಗಿ ಬುಟ್ಟಿ ಕಿತ್ತುಕೊಂಡೆ. ಕೊಟ್ಟ ಜಾಗ ಬೇಡವೆನ್ನುತ್ತಾರಲ್ಲ, ನಮ್ಮ ಹಟ್ಟಿಯೆಂದರೆ ಅಷ್ಟು ಹೇಸಿಗೆಯೇ ಎಂದು ಅವಳಿಗೆ ಸಿಟ್ಟು ಬಂತು.

ಎರಡನೆಯ ಮನೆ ರಂಭಾಬಾಯಿಯದು. ಊರ ಸುತ್ತ ಹೊಲವಿರುವ ಕಲ್ಯಾಣಪ್ಪನ ತಾಯಿ. ಈ ಸಲ ಎಡವಟ್ಟು ಬೇಡವೆಂದು ಮಕ್ಕಳನ್ನು ಹಿಂದೆ ಬಿಟ್ಟು ನಾನೇ ಮುಂದಾಗಿ ಹೋದೆ. ಮರುದಿನ ಕ್ರಿಸ್ಮಸ್ಸೂ ಹೌದು, ಅವರ ವೇಳ ಅಮಾವಾಸ್ಯೆಯೂ ಹೌದು. ಊರಿಗೆ ಊರೇ ಹೊಲಕ್ಕೆ ಹೋಗಿ ಬೆಳೆಗೆ ಚರಗದ ಎಡೆ ಚೆಲ್ಲಿ ಉಣ್ಣುವ ಹಬ್ಬ. ಬಂದ ನೆಂಟರಿಂದ ಮನೆ ಗಿಜಿಗಿಜಿ ಎನ್ನುತ್ತಿತ್ತು. ಸಜ್ಜೆ ಕಡುಬಿನ ಬುಟ್ಟಿ, ಅಂಬಲಿ ಗಡಿಗೆ, ಭಜ್ಜಿಗೆ ಸೋಸಿದ ಸೊಪ್ಪಿನ ರಾಶಿ, ಅದರ ನಡುವೆ ಮಲಗಿದ ಕೂಸುಗಳು. ಕಾಲಿಡಲು ಜಾಗವಿರಲಿಲ್ಲ. ಇದ್ದದ್ದನ್ನೇ ಹೇಳಿ, ಸುಳ್ಳೇನೂ ಅಲ್ಲ ಎಂದೆ.

ಮುದುಕಿಗೆ ಬೇಕಾದದ್ದು ಬೇರೆ. ಆ ಮರಿಯಮ್ಮನೆಂಬ ಹುಡುಗಿಗೆ ಎಷ್ಟನೇ ತಿಂಗಳು, ಜೊತೆಗೆ ಹೆಂಗಸರು ಯಾರಿದ್ದಾರೆ, ಅಮಾವಾಸ್ಯೆ ಎದುರಿಗಿಟ್ಟುಕೊಂಡು ದಿನ ತುಂಬಿದವಳನ್ನು ಕರೆದುಕೊಂಡು ಹೊರಟ ಗಂಡನಿಗೆ ಬುದ್ಧಿ ಎಲ್ಲಿಟ್ಟಿದ್ದಾನೆ ದೇವರು ಎಂದು ಕೇಳಿದಳು. ಮರ್ದುಮಶುಮಾರಿಗೆ, ಅದೇ ಜನಗಣತಿಗೆ, ಹೆಸರು ಬರೆಸಲು ಹೊರಟಿದ್ದರು ಎಂದೆ. ಬರೆದುಕೊಳ್ಳುವವರೇ ಮನೆಗೆ ಬರುತ್ತಾರಲ್ಲ, ಹೋದ ಸಲ ನಮ್ಮಲ್ಲಿಗೂ ಬಂದಿದ್ದರು ಎಂದಳು. ನನ್ನ ತಾಳ್ಮೆ ತೀರಿತು.

"ಕಾಕು, ಅದು ಮಣ್ಣಿನ ಗೊಂಬಿ ಅದ. ಒಂದೇ ಮಾತು ಅನ್ರಿ, ಸಾಕು."

ರಂಭಾಬಾಯಿ ಸೊಪ್ಪು ಸೋಸುವುದನ್ನು ನಿಲ್ಲಿಸಿದಳು. "ಗೊಂಬಿ ಮಣ್ಣಿಂದಿರ್ಬಹುದು ಕುಸುಮಬಾಯಿ, ಮಾತು ನನ್ನ ಬಾಯಿಂದ ಬರಬೇಕಲ್ಲ? ದೀಪ ಹಚ್ಚೋ ಹೊತ್ತಿನ್ಯಾಗ ಬಸುರಿಗಿ ಹಂಗ ಅಂದ್ರ ಈ ಹೊಸ್ತಿಲಕ ಒಳ್ಳೇದಾಗಾಂಗಿಲ್ಲ. ನಿನಗ ಬೇಕಲ್ಲ, ನೀನೇ ಅನ್ನು."

ಹಾಗೇ ಆಗಲಿ ಎಂದೆ. ವರ್ಷ ವರ್ಷ ಅಂದವಳು ನಾನು, ನನಗೇನು ಹೊಸದೆ? ಆಕೆಯ ತಲಬಾಗಿಲ ಕದ ಮುಂದೆ ಮಾಡಿ ಹಿಂದೆ ನಿಂತೆ. ನೆಂಟರ ಹೆಂಗಸರು ಕೈಕೆಲಸ ಬಿಟ್ಟು ನೋಡತೊಡಗಿದರು.

ಮಕ್ಕಳು ಬಡಿದರು. ಅವ್ವ ಕಲಿಸಿದ ಮಾತು ಪುಸ್ತಕದ್ದು. 'ದಯಮಾಡಿ ನಮಗೆ ಸ್ಥಳ ಕೊಡುವಿರಾ' ಎಂದು ಮನೆಯಲ್ಲಿ ರಾಹೇಲ ಅದನ್ನು ಆಕಳಿಸುತ್ತಾ ಒಪ್ಪಿಸುತ್ತಿದ್ದಳು. ಒಳಗಿರುವುದು ರಂಭಾಬಾಯಿ ಎಂದುಕೊಂಡಳೋ ಏನೋ, ಇವತ್ತು ಓಣಿಯ ಮಾತಿನಲ್ಲೇ ಕೇಳಿದಳು.

"ಆಯೀ, ನಮ್ಮಕ್ಕಗ ದಿನ ತುಂಬ್ಯಾವ. ನಡದು ನಡದು ಆಕಿ ಕಾಲು ಬಾತಾವ. ಒಳಗ ಕರಕೋತಿರೇನು?"

ಉತ್ತರ ನನ್ನ ನಾಲಿಗೆಯ ಮೇಲೇ ಇತ್ತು, ಬಾಯಿ ತೆರೆದೆ. ಅವ್ವನೂ ಹೀಗೇ ಕೇಳಿರಬೇಕು, ಪುಸ್ತಕದ ಮಾತಿನಲ್ಲಲ್ಲ. ಕದದ ಈಚೆ, ಈಗ ನಾನು ನಿಂತಂತೆ, ಅವಳ ಅವ್ವ ನಿಂತಿರಬೇಕು. ಇಷ್ಟು ವರ್ಷ ಅವ್ವನ ಪಾಡನ್ನು ಮಕ್ಕಳಿಗೆ ತಿಳಿಸುತ್ತಿದ್ದೇನೆಂದು ಬೀಗುತ್ತಾ ಅವರ ಬಾಯಿಂದ ಅವ್ವನ ಮಾತು ಆಡಿಸಿದ್ದೆ. ನಾನು ಆಡಿದ್ದು ಯಾರ ಮಾತೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ಹೊರಗಿಂದ ರಾಹೇಲ ಮತ್ತೆ ಬಡಿದಳು. ರಂಭಾಬಾಯಿ ನನ್ನ ಮುಖವನ್ನೇ ನೋಡುತ್ತಾ ಕೂತಿದ್ದಳು. ನಾನು ಕದ ತೆಗೆದೆ.

ಆಮೇಲೆ ಯಾರು ನನ್ನ ಮಾತು ಕೇಳುತ್ತಾರೆ? ಮುದುಕಿ ಬುಟ್ಟಿ ಇಸಿದುಕೊಂಡು ಮರಿಯಮ್ಮನನ್ನು ಮಣೆಯ ಮೇಲೆ ಕೂರಿಸಿ, ಅಕ್ಕಿ, ಉತ್ತತ್ತಿ, ಕುಪ್ಪಸದ ಖಣ ತಂದು ಉಡಿ ತುಂಬಿದಳು. ನಮ್ಮಲ್ಲಿ ಇದೆಲ್ಲ ಇಲ್ಲ ಎಂದರೆ ಕಿವಿಗೇ ಹಾಕಿಕೊಳ್ಳಲಿಲ್ಲ. ಯೋಸೇಫನನ್ನು ಗಂಡಸರ ಪಡಸಾಲೆಗೆ ಕಳಿಸಿದಳು. ಅಮಾವಾಸ್ಯೆ ಕಳೆಯುವವರೆಗೆ ಬಸುರಿ ಹೊಸ್ತಿಲು ದಾಟುವಂತಿಲ್ಲ, ಬಾಣಂತನ ಇಲ್ಲೇ, ನಾಳೆ ನಾನು ಹೊಲಕ್ಕೆ ಹೋಗುವುದಿಲ್ಲ, ಕೂಸನ್ನು ಬೆಳಿಗ್ಗೆ ನೀನೇ ತಂದು ಮಡಿಲಿಗೆ ಹಾಕು ಎಂದು ಅಪ್ಪಣೆ ಕೊಟ್ಟಳು. ಮನೆಯಲ್ಲಿ ನಾನು ಹುಲ್ಲು ಹಾಸಿ ಸಿಂಗರಿಸಿಟ್ಟ ಗೋದಲಿಯ ಗತಿ ಏನು ಎಂದು ಕೇಳುವವರಿಲ್ಲ.

ತಿಮೋತಿ ಬರಿದಾದ ಬುಟ್ಟಿ ಹಿಡಿದು ನನ್ನ ಸೆರಗು ಜಗ್ಗಿದ. ಅವನಿಗೆ ಕರ್ಚಿಕಾಯಿಯ ಚಿಂತೆ.

"ಅವ್ವಾ, ಜಾಗ ಇಲ್ಲ ಅನ್ನೋರು ಇನ್ನ ಯಾರ ಉಳದಾರ?"

"ಯಾರೂ ಇಲ್ಲ," ಎಂದು ಗದರಿಸಿದೆ. ಗದರಿಸುತ್ತಲೇ ಅಳು ಬಂತು.