ಒಂದು ಗಂಟೆ ಹತ್ತು ನಿಮಿಷದ ದಾರಿ

ಅಕ್ಕನಿಗೆ ವಿಮಾನದ ಟಿಕೆಟ್ ಮಾಡಿಕೊಡುವ ಆಫೀಸಿನಲ್ಲಿ ಕೆಲಸ. ಎರಡು ಊರುಗಳ ಹೆಸರು ಕಿವಿಗೆ ಬಿದ್ದರೆ ಸಾಕು, ನಡುವಿನ ದೂರ, ಹಾರಾಟದ ಹೊತ್ತು ಎಲ್ಲ ಅವಳ ಬಾಯಿಂದ ತಾನಾಗಿ ಉದುರುತ್ತವೆ. ಅಮ್ಮನಿಗೆ ಅದೊಂದು ದೊಡ್ಡ ಹೆಮ್ಮೆ. ಬೆಳಿಗ್ಗೆ ಆಸ್ಪತ್ರೆಯಿಂದ ನಾನು ಫೋನ್ ಮಾಡಿ, ಅಮ್ಮನಿಗೆ ಉಸಿರಾಡಲು ಆಗುತ್ತಿಲ್ಲ, ಎಷ್ಟು ಹೊತ್ತಿಗೆ ಬರುತ್ತೀಯ ಎಂದು ಕೇಳಿದಾಗಲೂ ಹಾಗೇ ಆಯಿತು.

"ಆರುನೂರು ಕಿಲೋಮೀಟರು. ಒಂದು ಗಂಟೆ ಹತ್ತು ನಿಮಿಷ," ಅಂದಳು.

ಗಿರಾಕಿಗಳಿಗೆ ಹೇಳುವ ಹಾಗೆ ಹೇಳಿಬಿಟ್ಟಳು ಪುಣ್ಯಾತ್ಗಿತ್ತಿ. ಅದು ವಿಮಾನ ಗಾಳಿಯಲ್ಲಿರುವ ಹೊತ್ತು ಮಾತ್ರ. ವಿಮಾನ ನಿಲ್ದಾಣ ಸೇರುವುದು, ಅಲ್ಲಿಯ ಸಾಲು, ಇಲ್ಲಿಳಿದು ಟ್ಯಾಕ್ಸಿ ಹಿಡಿಯುವುದು ಯಾವುದೂ ಅದರಲ್ಲಿಲ್ಲ. ನನಗೂ ಮಂಕು ಬಡಿದಿತ್ತು. ಸೀದಾ ಹೋಗಿ ಅಮ್ಮನಿಗೆ ಅದನ್ನೇ ಹೇಳಿದೆ.

ಆಮೇಲೆ ಡಾಕ್ಟರ್ ಬಂದರು. ಗಂಟಲಿಗೆ ಕೊಳವೆ ಹಾಕಿ ಯಂತ್ರದಿಂದ ಉಸಿರು ಕೊಡಬೇಕು, ತಡ ಮಾಡುವ ಹಾಗಿಲ್ಲ ಎಂದರು.

"ಹಾಕಿದ್ಮೇಲೆ ಮಾತಾಡಬಹುದಾ?" ಅಮ್ಮ ಕೇಳಿದಳು.

"ಇಲ್ಲಮ್ಮ. ನಿದ್ದೆ ಬರೋ ಔಷಧಿ ಕೊಟ್ಟಿರ್ತೀವಿ."

ಮತ್ತೆ ಎಚ್ಚರವಾಗುತ್ತದೆ ಎಂದು ಅವರು ಹೇಳಲಿಲ್ಲ. ಅಮ್ಮ ಅದನ್ನು ಗಮನಿಸಿದಳು.

"ಹಾಗಾದ್ರೆ ದೊಡ್ಡವಳು ಬಂದ್ಬಿಡ್ಲಿ. ಮುಖ ನೋಡ್ತೀನಿ, ಆಮೇಲೆ ಹಾಕಿ."

ಒಂದು ಗಂಟೆ ಕಳೆಯಿತು, ಎರಡೂ ಆಯಿತು. ಪ್ರತಿ ಉಸಿರಿಗೂ ಅಮ್ಮನ ಹೆಗಲು ಮೇಲೇಳುತ್ತಿತ್ತು. ತುಟಿ ನೀಲಿಯಾಗತೊಡಗಿತು. ಹಟಕ್ಕೆ ನಿಂತರೆ ನಮ್ಮಮ್ಮ ಯಾರಪ್ಪನ ಮಾತೂ ಕೇಳುವವಳಲ್ಲ. ನರ್ಸ್ ಹೇಳಿದರು, ಡಾಕ್ಟರ್ ಗದರಿದರು, ನಾನು ಕಾಲು ಹಿಡಿದೆ.

"ಸುಮ್ನಿರೇ," ಎಂದಳು ಆಮ್ಲಜನಕದ ಮಾಸ್ಕಿನೊಳಗಿಂದ. "ಅವಳ ಲೆಕ್ಕ ಯಾವತ್ತೂ ತಪ್ಪಲ್ಲ, ಇನ್ನೇನು ಬಂದೇ ಬಿಡ್ತಾಳೆ."

ಹೊರಗೆ ಓಡಿಬಂದು ಅಕ್ಕನಿಗೆ ಫೋನ್ ಮಾಡಿದೆ.

"ಎಲ್ಲಿ ಹಾಳಾಗಿ ಹೋಗಿದೀಯೇ? ನಿನ್ನ ಒಂದು ಗಂಟೆ ನಂಬ್ಕೊಂಡು ಅಮ್ಮ ಕೊಳವೆ ಬೇಡ ಅಂತಿದಾಳೆ."

"ಈಗ ತಾನೇ ವಿಮಾನ ಹತ್ತಿದೀನಿ ಕಣೇ. ಅಲ್ಲಿಗೆ ಬರೋಕೆ ಇನ್ನೂ ಎರಡೂವರೆ ಗಂಟೆ..." ಅವಳ ದನಿ ಕುಸಿಯಿತು. "ಅಷ್ಟು ಹೊತ್ತು ಇರ್ತಾಳಾ?"

"ಅರ್ಧ ಗಂಟೆನೂ ಕಷ್ಟ ಅಂತಾರೆ. ನೀನು ದಾರಿಲಿದೀಯ ಅಂತ ಗೊತ್ತಿರೋವರೆಗೂ ಅವಳು ಒಪ್ಪಲ್ಲ." ಬಾಯಿಗೆ ಬಂದಂತೆ ಬಯ್ಯಬೇಕೆಂದಿದ್ದೆ. ಅಳು ಬಂತು.

"ಫೋನು ಅಮ್ಮನ ಕಿವಿ ಹತ್ರ ಇಡು," ಅಂದಳು ಅಕ್ಕ.

ಒಳಗೆ ಓಡಿ, ಫೋನನ್ನು ಅಮ್ಮನ ಕಿವಿಗೆ ಹಿಡಿದು ನಾನೂ ಬಗ್ಗಿದೆ.

"ಅಮ್ಮಾ, ನಂಗೆ ರಜ ಸಿಗ್ಲಿಲ್ಲ. ಹೊರಟೇ ಇಲ್ಲ. ನಾಳೆ ನಾಡಿದ್ದರಲ್ಲಿ ಬರ್ತೀನಿ. ನನಗೋಸ್ಕರ ಕಾಯ್ಬೇಡ, ಹಾಕಿಸ್ಕೋ."

ಅವಳ ಮಾತಿನ ಹಿಂದೆ ಯಾರೋ ಹೆಂಗಸು ಸೀಟ್ ಬೆಲ್ಟ್ ಹಾಕಿಕೊಳ್ಳಿ ಎಂದು ಹೇಳುತ್ತಿದ್ದಳು. ಆಮ್ಲಜನಕದ ಸದ್ದಿನಲ್ಲಿ ಅಮ್ಮನಿಗೆ ಅದು ಕೇಳಿಸಲಿಲ್ಲ. ನನಗೆ ಕೇಳಿಸಿತು.

"ಆಗ್ಲಿ ಬಿಡಮ್ಮ," ಅಂದಳು ಅಮ್ಮ. "ಕೆಲಸ ಇರುತ್ತೆ."

ಫೋನ್ ಕಟ್ಟಾಯಿತು. ಡಾಕ್ಟರ್ ಸೂಜಿ ಹಿಡಿದು ಬಂದಾಗ ಅಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಅವಳಿಗೆ ನಿಜವಾಗ್ಲೂ ರಜ ಸಿಗ್ಲಿಲ್ವೇನೇ?"

ಒಂದೇ ಒಂದು ಮಾತು ಸಾಕಿತ್ತು. ಹೇಳಿದ್ದರೆ ಅಮ್ಮ ಮತ್ತೆ ಕಾಯುತ್ತಿದ್ದಳು.

"ಸಿಗ್ಲಿಲ್ಲಮ್ಮ," ಅಂದೆ.

ಅಮ್ಮ ನನ್ನ ಕೈ ಬಿಟ್ಟು, ಡಾಕ್ಟರಿಗೆ ತಲೆಯಾಡಿಸಿದಳು.