ಏಳು ಕಿಲೋ ಹೆಡರ್

ಕುವೈಟಿನ ಕೆಲಸ ಮುಗಿಸಿ ಕಾಯಂ ಆಗಿ ಊರಿಗೆ ಬರುವ ಮನುಷ್ಯ ಮೂವತ್ತು ಕಿಲೋ ಲಗೇಜಿನಲ್ಲಿ ಏನು ತರುತ್ತಾನೆ? ಕಂಬಳಿ, ಬಾದಾಮಿ, ಹಾಲಿನ ಪುಡಿ, ಸೆಂಟಿನ ಬಾಟಲಿ. ಮಂಗಳೂರು ಕುಲಶೇಖರದ ಒಸ್ವಾಲ್ಡ್ ತಂದದ್ದು ಏಳು ಕಿಲೋ ಪೈಪು. ಏರ್‌ಪೋರ್ಟಿನಲ್ಲಿ ಲಗೇಜು ಹೆಚ್ಚಾಯಿತೆಂದಾಗ, ಹೆಂಡತಿ ಎಸ್ತೆರ್ ಮಡಚಿ ಇಟ್ಟಿದ್ದ ಕಂಬಳಿಯನ್ನು ಎಲ್ಲರೆದುರು ಹೊರಗೆಳೆದು ಅವಳ ಕೈಗೇ ವಾಪಸು ಕೊಟ್ಟ ಪುಣ್ಯಾತ್ಮ. ಅವಳು ಅಲ್ಲಿ ನರ್ಸು, ಇನ್ನೂ ಎರಡು ವರ್ಷ ಅವಳಿಗೆ ಅಲ್ಲೇ ಕೆಲಸ.

ಪೈಪು ಅಂದರೆ ಬರೀ ಪೈಪಲ್ಲ, ಹೆಡರ್. ಎಂಜಿನ್ನಿನ ನಾಲ್ಕು ಬಾಯಿಗಳಿಂದ ಹೊಗೆಯನ್ನು ಎಳೆದು ಒಂದೇ ದಾರಿಗೆ ಸೇರಿಸುವ ನಾಲ್ಕು ಸ್ಟೀಲಿನ ಕೊಳವೆ. ಕಂಪೆನಿ ಕೊಟ್ಟ ಎರಕದ ಮ್ಯಾನಿಫೋಲ್ಡ್ ಕಳಚಿ ಇದನ್ನು ಕೂರಿಸಿದರೆ ಕಾರಿನ ಗಂಟಲು ಬಿಡುತ್ತದೆ, ಸ್ವರವೇ ಬೇರೆಯಾಗುತ್ತದೆ. ಕುವೈಟಿನ ಗುಜರಿಯಲ್ಲಿ ಹಳೆಯ ಕೊರೊಲ್ಲಾ ಒಂದರಿಂದ ಇದನ್ನು ಹುಡುಕಿ ತೆಗೆದವನು ಗ್ಯಾರೇಜಿನ ಜೊತೆಗಾರ ಚೆನ್ನಪ್ಪ. "ಊರಿಗೆ ಹೋಗಿ ಇದೇ ಮಾಡೆಲಿನ ಗಾಡಿ ತೆಗೆಯುವ, ಇದನ್ನು ಹಾಕುವ, ಪೊರ್ಬು," ಎಂದಿದ್ದ. ತುಳುವರು ಕ್ರೈಸ್ತರನ್ನು ಕರೆಯುವುದೇ ಹಾಗೆ, ಪೊರ್ಬು ಎಂದು. ಹತ್ತೊಂಬತ್ತು ವರ್ಷ ಚೆನ್ನಪ್ಪ ಅವನನ್ನು ಬೇರೆ ಹೆಸರಿನಿಂದ ಕರೆದದ್ದೇ ಇಲ್ಲ.

ಹತ್ತೊಂಬತ್ತು ವರ್ಷ ಇಬ್ಬರೂ ಒಂದೇ ಬಾನೆಟ್ಟಿನ ಕೆಳಗೆ ಬೆವರು ಸುರಿಸಿದವರು. ಒಸ್ವಾಲ್ಡ್ ಗಾಡಿಯ ಅಡಿಯಲ್ಲಿ, ಚೆನ್ನಪ್ಪ ಮೇಲೆ. ಗ್ಯಾರೇಜಿನ ಗದ್ದಲದಲ್ಲಿ ಮಾತು ಕೇಳಿಸುವುದಿಲ್ಲ, ಆದ್ದರಿಂದ ಸ್ಪ್ಯಾನರಿನಿಂದ ಕುಟ್ಟುತ್ತಿದ್ದರು. ಒಂದು ಪೆಟ್ಟು ಅಂದರೆ ನಿಲ್ಲಿಸು, ಎಲ್ಲಿಯೋ ಸಿಕ್ಕಿಹಾಕಿಕೊಂಡಿದೆ. ಎರಡು ಪೆಟ್ಟು ಅಂದರೆ ಸರಿ ಉಂಟು, ಬಿಗಿ ಮಾಡು.

ಆ ಗ್ಯಾರೇಜಿಗೆ ಒಸ್ವಾಲ್ಡನನ್ನು ಸೇರಿಸಿದವನೂ ಚೆನ್ನಪ್ಪನೇ. ಮೂರು ವರ್ಷದ ಹಿಂದೆ ಮಾಲೀಕ ಒಸ್ವಾಲ್ಡನನ್ನು ಒಳಗೆ ಕರೆದು, ಇನ್ನು ಮುಂದೆ ಒಬ್ಬನೇ ಸಾಕು, ಯಾರನ್ನು ಇಟ್ಟುಕೊಳ್ಳಲಿ ಎಂದು ಕೇಳಿದ. ಚೆನ್ನಪ್ಪನನ್ನು ಇಟ್ಟುಕೊಳ್ಳಿ ಅನ್ನಲು ಎರಡು ನಿಮಿಷ ಬೇಕಿತ್ತೇ? ಒಸ್ವಾಲ್ಡ್ ನೆಲ ನೋಡಿಕೊಂಡು, "ನೀವೇ ನೋಡಿ," ಎಂದ. ಮಾಲೀಕ ನೋಡಿದ. ಮುಂದಿನ ತಿಂಗಳು ಚೆನ್ನಪ್ಪ ವಿಮಾನ ಹತ್ತಿದ. ಹೆಡರ್ ಲಗೇಜಿಗೆ ಹಿಡಿಸದೆ ಒಸ್ವಾಲ್ಡನ ಮಂಚದಡಿ ಉಳಿಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡದೆ ನುಂಗಿದ ಮಾತಿಗೆ ಯಾರೂ ಗಾದೆ ಕಟ್ಟಿಲ್ಲ. ಆಮೇಲೆ ಒಸ್ವಾಲ್ಡ್ ಅವನಿಗೆ ಒಂದು ಫೋನನ್ನೂ ಮಾಡಲಿಲ್ಲ. ಸಿಟ್ಟಲ್ಲ, ನಾಚಿಕೆ.

ಈಗ ಚೆನ್ನಪ್ಪ ಇರುವುದು ಬೋಳಾರದಲ್ಲಿ, ಅರ್ಧ ಗಂಟೆಯ ದಾರಿ. ಊರಿಗೆ ಬಂದು ನಾಲ್ಕು ತಿಂಗಳಾದರೂ ಒಸ್ವಾಲ್ಡನಿಗೆ ಆ ಕಡೆ ಹೋಗಲು ಕಾಲು ಬಂದಿಲ್ಲ. ಬದಲಿಗೆ ಅದೇ ಮಾಡೆಲಿನ ಹಳೆಯ ಕೊರೊಲ್ಲಾ ಒಂದನ್ನು ಹುಡುಕಿ ತಂದ. ಹೆಡರ್ ಹಾಕಿ, ಸೀದಾ ಚೆನ್ನಪ್ಪನ ಗೇಟಿನೆದುರು ನಿಲ್ಲಿಸಿ, ಒಂದು ಸಲ ಆ್ಯಕ್ಸಿಲೇಟರ್ ತುಳಿಯುವುದು. ಆ ಸ್ವರ ಕೇಳಿದರೆ ಚೆನ್ನಪ್ಪ ಹೊರಗೆ ಬಂದೇ ಬರುತ್ತಾನೆ. ಬಾಯಿಂದ ಹೇಳಲಾಗದ್ದನ್ನು ಕಾರು ಹೇಳಲಿ ಎಂಬುದು ಈ ಮಹಾಶಯರ ಉಪಾಯ.

"ಅಷ್ಟೆಲ್ಲ ಎಂತಕ್ಕೆ? ಒಂದು ಫೋನ್ ಮಾಡಿದ್ರೆ ಮುಗೀತದೆ," ಎಂದು ಎಸ್ತೆರ್ ಫೋನಿನಲ್ಲಿ ಹೇಳಿದ್ದಳು.

"ನಿನಗೆ ಗೊತ್ತಾಗುದಿಲ್ಲ," ಎಂದಿದ್ದ ಇವನು. ಹೆಂಡತಿಗೆ ಸರಿಯಾಗಿಯೇ ಗೊತ್ತಾದಾಗ ಗಂಡಂದಿರು ಹೇಳುವ ಮಾತು ಇದೇ ತಾನೆ.

ಭಾನುವಾರ ಇಗರ್ಜಿಯಿಂದ ಬಂದವನೇ ಹಳೆಯ ಪ್ಯಾಂಟು ಹಾಕಿ ಕೆಲಸಕ್ಕೆ ಇಳಿದ. ಅಂಗಳದಲ್ಲಿ ಕಾರಿನ ಮೂತಿ ಎತ್ತಿ ಸ್ಟ್ಯಾಂಡು ಕೊಟ್ಟ. ಬ್ಯಾಟರಿ ವಯರು ಬಿಚ್ಚಿದ. ಹಿಂದಿನ ರಾತ್ರಿಯೇ ಎಣ್ಣೆ ಕುಡಿಸಿದ್ದ ನಟ್ಟುಗಳು ಒಂದೊಂದಾಗಿ ಕಿರುಗುಟ್ಟಿ ಸಡಿಲವಾದವು. ಹಳೆಯ ಮ್ಯಾನಿಫೋಲ್ಡ್ ಕೆಳಗಿಳಿಯಿತು. ಹೊಸ ಗ್ಯಾಸ್ಕೆಟ್ಟನ್ನು ಹೆಡರಿನ ಬಾಯಿಗೆ ಹಿಡಿದು ನೋಡಿದ, ತೂತಿಗೆ ತೂತು ಸರಿಯಾಗಿ ಕೂತಿತು. ಇಷ್ಟಕ್ಕೇ ಅವನ ಎದೆ ಉಬ್ಬಿತು.

ಕಷ್ಟ ಶುರುವಾದದ್ದು ಆಮೇಲೆ. ಈ ಗಾಡಿಯಲ್ಲಿ ಹೊಗೆಯ ದಾರಿ ಎಂಜಿನ್ನಿನ ಹಿಂಬದಿಗೆ. ಒಬ್ಬ ಅಡಿಯಿಂದ ಎತ್ತಿ ಹಿಡಿಯಬೇಕು, ಇನ್ನೊಬ್ಬ ಮೇಲಿನಿಂದ ಮೊದಲ ನಟ್ಟು ಹಾಕಬೇಕು. ಒಸ್ವಾಲ್ಡನಿಗೆ ಇದ್ದದ್ದು ಎರಡೇ ಕೈ. ಅಡಿಯಿಂದ ಎತ್ತಿ, ಎದ್ದು ಮೇಲೆ ಬರುವಷ್ಟರಲ್ಲಿ ಹೆಡರ್ ಜಾರಿ ಕೆಳಗೆ. ನಾಲ್ಕು ಸಲ ಹಾಗೆಯೇ ಆಯಿತು. ಮೂರನೇ ಸಲ ಅಡಿಯಲ್ಲಿ ಮಲಗಿ, ಪೈಪು ಹಿಡಿದುಕೊಂಡು, ಅಭ್ಯಾಸಬಲದಿಂದ ಸ್ಪ್ಯಾನರಿನಿಂದ ಎರಡು ಸಲ ಕುಟ್ಟಿದ, ಬಿಗಿ ಮಾಡು ಎಂದು. ಮೇಲೆ ಯಾರಿದ್ದಾರೆ ಬಿಗಿ ಮಾಡಲಿಕ್ಕೆ? ಆ ಹೊತ್ತಿಗೆ ಅವನನ್ನು ಕಾಡಿದ ಒಂಟಿತನ ಇಷ್ಟು ವರ್ಷ ಕುವೈಟಿನಲ್ಲೂ ಕಾಡಿರಲಿಲ್ಲ.

ಕೊನೆಗೆ ಬಟ್ಟೆ ಒಣಗಿಸುವ ಹಗ್ಗ ಬಿಚ್ಚಿ ತಂದು, ಹೆಡರನ್ನು ಬಾನೆಟ್ಟಿನ ಕೊಕ್ಕೆಗೆ ಕಟ್ಟಿ ತೂಗಿಸಿ, ಇಂಚು ಇಂಚಾಗಿ ಎಳೆದ. ಮೂರು ಕೊಳವೆ ಕೂತವು. ನಾಲ್ಕನೆಯದು ಬೆರಳಷ್ಟು ದೂರದಲ್ಲಿ ನಿಂತಿತು. ತಳ್ಳಿದ. ಬೈದ. ಮತ್ತೆ ತಳ್ಳಿದ. ಟಾರ್ಚು ಹಾಕಿ ನೋಡಿದರೆ, ಕೊಳವೆಯ ಬಾಗು ಸ್ಟೇರಿಂಗ್ ರಾಡಿಗೆ ತಾಗಿ ಕೂತಿದೆ.

ಆಗ ಒಸ್ವಾಲ್ಡನಿಗೆ ಅರ್ಥವಾಯಿತು. ಕುವೈಟಿನ ಗಾಡಿಗಳಿಗೆ ಸ್ಟೇರಿಂಗ್ ಎಡಕ್ಕೆ, ನಮ್ಮ ಗಾಡಿಗಳಿಗೆ ಬಲಕ್ಕೆ. ಈ ಹೆಡರ್ ಎಡದ ಗಾಡಿಗೆ ಮಾಡಿದ್ದು. ಹತ್ತೊಂಬತ್ತು ವರ್ಷ ಎಡದ ಸ್ಟೇರಿಂಗನ್ನೇ ಬಿಚ್ಚಿ ಕಟ್ಟಿದ ಇಬ್ಬರು ಮೇಸ್ತ್ರಿಗಳಿಗೆ ಒಂದು ದಿನವಾದರೂ ಇದು ಹೊಳೆದಿರಲಿಲ್ಲ. ಅವನಿಗೆ ನಗು ಬಂತು. ಅಂಗಳದಲ್ಲಿ ಒಬ್ಬನೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ನಕ್ಕು ತಿರುಗಿ ನೋಡಿದ, ಪಕ್ಕದಲ್ಲಿ ಯಾರೂ ಇಲ್ಲ. ಈ ದಡ್ಡತನಕ್ಕೆ ಅವನ ಜೊತೆ ಸಮಸಮ ನಗಬಲ್ಲವನು ಇಡೀ ಮಂಗಳೂರಿನಲ್ಲಿ ಒಬ್ಬನೇ.

ಕಾರು ಮಾತಾಡುವುದಿಲ್ಲ ಎಂದು ಆಯಿತಲ್ಲ. ಕೈ ಒರೆಸಿಕೊಂಡು ಫೋನ್ ತೆಗೆದ. ಆ ಕಡೆ ರಿಂಗಾಯಿತು, ಎತ್ತಿದ ಸದ್ದೂ ಕೇಳಿತು. ಹಲೋ ಅನ್ನಲಿಲ್ಲ ಚೆನ್ನಪ್ಪ. ಏನೂ ತೋಚದೆ ಒಸ್ವಾಲ್ಡ್ ಕೈಯಲ್ಲಿದ್ದ ಸ್ಪ್ಯಾನರಿನಿಂದ ಹೆಡರಿಗೆ ಒಂದು ಪೆಟ್ಟು ಕುಟ್ಟಿದ.

ಆ ಕಡೆಯಿಂದ ಹಳೆಯ ಸ್ವರ.

"ಸ್ಟೇರಿಂಗ್ ರಾಡಿಗೆ ತಾಗಿತಲ್ಲ, ಪೊರ್ಬು?"

"ನಿನಗೆ ಗೊತ್ತಿತ್ತಾ?"

"ಊರಿಗೆ ಬಂದು ಮೊದಲ ಗಾಡಿಯ ಬಾನೆಟ್ ಎತ್ತಿದ ದಿನವೇ ಗೊತ್ತಾಯ್ತು."

"ಮತ್ತೆ ಹೇಳ್ಲಿಕ್ಕೆ ಎಂತ ಆಗಿತ್ತು ಮಾರಾಯ? ಕಂಬಳಿ ಬಿಟ್ಟು ಇದನ್ನು ಹೊತ್ತು ತಂದೆ ನಾನು."

"ನೀನು ಫೋನ್ ಮಾಡಿದಾಗ ಹೇಳುವ ಅಂತ ಇದ್ದೆ," ಎಂದ ಚೆನ್ನಪ್ಪ. "ಮೂರು ವರ್ಷ ಆಯ್ತು."

ಒಸ್ವಾಲ್ಡ್ ಕಾರಿನ ಬಂಪರಿಗೆ ಒರಗಿ ನೆಲದ ಮೇಲೆ ಕುಳಿತ. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ.

"ಅವತ್ತು ಆಫೀಸಿನಲ್ಲಿ ನಾನು ನಿನ್ನ ಹೆಸರು ಹೇಳ್ಬೇಕಿತ್ತು, ಚೆನ್ನಪ್ಪ."

"ಹೌದು. ಹೇಳ್ಬೇಕಿತ್ತು."

ಸಮಾಧಾನದ ಒಂದು ಮಾತನ್ನೂ ಚೆನ್ನಪ್ಪ ಸೇರಿಸಲಿಲ್ಲ. ಫೋನನ್ನೂ ಇಡಲಿಲ್ಲ. ಅವನ ಉಸಿರು ಕೇಳುತ್ತಿತ್ತು, ಹಿಂದೆ ಎಲ್ಲೋ ಟಿವಿಯ ಸದ್ದು.

"ಹಳೆಯ ಮ್ಯಾನಿಫೋಲ್ಡ್ ಉಂಟಾ, ಇಲ್ಲ ಗುಜರಿಗೆ ಕೊಟ್ಟಿಯಾ?" ಎಂದು ಕೊನೆಗೆ ಕೇಳಿದ.

"ಉಂಟು. ಇಲ್ಲೇ ಬಿದ್ದಿದೆ."

"ಹಾಗಾದರೆ ಅದನ್ನೇ ವಾಪಸು ಹಾಕು. ಬೋಳಾರಕ್ಕೆ ಬರ್ಲಿಕ್ಕೆ ಅದು ಸಾಕು."

ಒಸ್ವಾಲ್ಡ್ ಫೋನನ್ನು ಸ್ಪೀಕರಿಗೆ ಹಾಕಿ ಬ್ಯಾಟರಿಯ ಮೇಲಿಟ್ಟ. ಹಗ್ಗ ಬಿಚ್ಚಿ ಹೆಡರ್ ಇಳಿಸಿ ಗೋಡೆಗೆ ಒರಗಿಸಿದ. ಹಳೆಯದನ್ನು ಎದೆಗವಚಿಕೊಂಡು ಗಾಡಿಯ ಅಡಿಗೆ ನುಸುಳಿ, ಎತ್ತಿ ಹಿಡಿದು, ಎರಡು ಪೆಟ್ಟು ಕುಟ್ಟಿದ.

"ಬಿಗಿ ಮಾಡ್ಲಿಕ್ಕೆ ನಾನೆಲ್ಲಿದ್ದೇನೆ ಅಲ್ಲಿ," ಎಂದಿತು ಮೇಲಿನಿಂದ ಸ್ವರ. "ಹಗ್ಗ ಕಟ್ಟು, ಮಾರಾಯ."