ಹೆಬ್ಬೆರಳಿನ ನಾಲ್ಕು ದಾರ

ಸಂಗೊಳ್ಳಿಯಿಂದ ಬೈಲಹೊಂಗಲಕ್ಕೆ ಹೋಗುವ ಬಸ್ಸಿನಲ್ಲಿ ಅಂದು ನಾನು ಮಗಳು ಶಿವಾನಿಗೆ ಖಡಾಖಂಡಿತ ಹೇಳಿಬಿಟ್ಟೆ. "ಇದು ಕಡೀ ಸಲ. ಈ ಡಾಕ್ಟರೂ ಏನಿಲ್ಲ ಅಂದ್ರ ಕಾಲೇಜ್ ಸಾಕು. ತಿಂಗಳಿಗೆ ನಾಕ್ ದಿನ ಮಲಗಾಕ ಬಸ್ ಪಾಸ್ ಯಾಕ ಬೇಕು?"

ಶಿವಾನಿ ಕಿಟಕಿಯ ಕಡೆ ತಿರುಗಿ ಕುಳಿತಳು. ಬಿ.ಎಸ್ಸಿ. ಎರಡನೇ ವರ್ಷ. ಹೊಟ್ಟೆನೋವೆಂದು ಹಿಂದಿನ ಸೆಮಿಸ್ಟರಿನಲ್ಲಿ ಎರಡು ಪ್ರಾಕ್ಟಿಕಲ್ ತಪ್ಪಿಸಿಕೊಂಡಿದ್ದಳು. ಸ್ಕ್ಯಾನ್ ಮಾಡಿಸಿದರೆ ಎಲ್ಲ ಸರಿಯಿದೆ ಎಂದು ಬಂತು. ಗ್ಯಾಸಿನ ಗುಳಿಗೆ ನುಂಗಿಸಿದ್ದಾಯಿತು. ಸೋಗು ಹಾಕುತ್ತಿದ್ದಾಳೆ ಎಂದು ನಾನು ಅವರಪ್ಪನ ಮುಂದೆ ಹೇಳಿದ್ದೂ ಆಯಿತು.

ಗುಳಿಗೆಗಿಂತ ಹೆಚ್ಚು ನಾನು ನಂಬಿದ್ದು ಹೊಟ್ಟೆ ತಿಕ್ಕುವ ಮುದುಕಿ ಶಟ್ಟೆವ್ವ ಆಯಿಯ ಕೈಯನ್ನು. ನಮ್ಮ ಓಣಿಯಲ್ಲಿ ಯಾರ ಹೊಟ್ಟೆ ನೊಂದರೂ ಹೊಕ್ಕಳ ಸರಿದಿದೆ ಎನ್ನುತ್ತಾರೆ. ಆಯಿ ಬೆಚ್ಚಗಿನ ಎಣ್ಣೆ ಹಚ್ಚಿ ತಿಕ್ಕಿ ಅದನ್ನು ಜಾಗಕ್ಕೆ ತರುತ್ತಾಳೆ. ಆಮೇಲೆ ಕಾಲಿನ ಹೆಬ್ಬೆರಳಿಗೊಂದು ಕರಿದಾರ. ಅದನ್ನು ಬಿಚ್ಚುವಂತಿಲ್ಲ, ತಾನಾಗಿ ಹರಿದು ಬೀಳಬೇಕು.

ಆಕೆಯೂ ಅದೇ ಬಸ್ಸಿನಲ್ಲಿದ್ದಳು, ಚಷ್ಮಾದ ಕಡ್ಡಿ ಹಾಕಿಸಲು ಹೊರಟವಳು. ನಾವು ದವಾಖಾನೆಗೆ ಎಂದು ಗೊತ್ತಾದದ್ದೇ ಮುಖ ಸಣ್ಣದು ಮಾಡಿದಳು. "ನನ್ನ ಕೈ ಸೋತೈತಿ ಅಂತ ಡಾಕ್ಟರ್ ಮುಂದ ಹೇಳಬ್ಯಾಡ ಮತ್ತ," ಎನ್ನುತ್ತ ಚಷ್ಮಾ ಮರೆತು ನಮ್ಮ ಹಿಂದೆಯೇ ಬಂದು ಹೊರಗಿನ ಬೆಂಚಿನ ಮೇಲೆ ಕುಳಿತಳು.

ಡಾಕ್ಟರ್ ಭಾಗೀರಥಿಯವರದು ಒಂದೇ ಕೋಣೆಯ ದವಾಖಾನೆ. ನೆಗಡಿ, ಸಕ್ಕರೆ ಕಾಯಿಲೆ, ಕೂಸಿನ ಭೇದಿ, ಎಲ್ಲಕ್ಕೂ ಅವರೇ.

"ಹೊಟ್ಟಿ ಯಾವಾಗ ನೋಯತೈತಿ?" ಎಂದು ಶಿವಾನಿಯನ್ನು ಕೇಳಿದರು.

"ಯಾವಾಗರ ನೋಯತೈತ್ರಿ. ಹೊರಗಿಂದು ಭಾಳ ತಿಂತಾಳ," ಎಂದೆ ನಾನು.

"ಮುಟ್ಟಾದಾಗ ಹೆಂಗಿರತೈತಿ?"

"ಎಲ್ಲಾರಿಗೂ ಇರೂವಷ್ಟ ಐತ್ರಿ."

ಅವರು ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು. "ಗುರವ್ವನವರ, ಹೊಟ್ಟಿ ನಿಮ್ದೋ, ಅಕೀದೋ?"

ಶಿವಾನಿ ಪಿಸಕ್ಕನೆ ನಕ್ಕಳು. ನಕ್ಕದ್ದರಿಂದಲೋ ಏನೋ, ಬಾಯಿ ಬಿಟ್ಟಳು. "ಮುಟ್ಟಿಗೆ ಎರಡ್ ದಿನ ಮುಂಚೇನ ಶುರು ಆಗತೈತ್ರಿ. ಸೊಂಟ, ತೊಡಿ ಎಲ್ಲಾ ಎಳೀತೈತಿ. ಆ ದಿನದಾಗ ಸಂಡಾಸಕ್ಕ ಕುಂತ್ರೂ ಚುಚ್ಚತೈತಿ."

"ನನಗ ಯಾವತ್ ಹೇಳಿದಿ?"

"ಹೇಳಿದಾಗೆಲ್ಲಾ ತಡಕೋ ಅಂದಿಯಲ್ಲಬೇ."

ನಮ್ಮದು ಲಿಂಗ ಕಟ್ಟಿಕೊಂಡ ಮನೆ. ಮುಟ್ಟಾದವರನ್ನು ಹೊರಗೆ ಕೂಡಿಸುವುದಿಲ್ಲ. ಅದರ ಬಗ್ಗೆ ನನಗೆ ಹೆಮ್ಮೆಯೇ. ಆದರೆ ಯಾರೂ ಹೊರಗೆ ಕೂಡದ ಮನೆಯಲ್ಲಿ ಯಾರ ದಿನ ಯಾವುದು ಎಂದು ಎಣಿಸುವವರೂ ಇರಲಿಲ್ಲ. ತಾರೀಖು ಕೇಳಿದಾಗ ತಾಯಿ ಮಗಳು ಇಬ್ಬರೂ ಮುಖ ಮುಖ ನೋಡಿಕೊಂಡೆವು.

ಹೊಟ್ಟೆ ಪರೀಕ್ಷಿಸಲು ಮಲಗಿಸಿದಾಗ ಡಾಕ್ಟರ ಕಣ್ಣು ಹೆಬ್ಬೆರಳಿನ ಮೇಲೆ ಬಿತ್ತು. ನಾಲ್ಕು ಕರಿದಾರ. ನನಗೆ ನಾಚಿಕೆಯಾಯಿತು.

"ಇವನ್ ಯಾವಾಗ ಕಟ್ಟಿದ್ದು?"

ಪರದೆ ಸರಿಸಿಕೊಂಡು ಶಟ್ಟೆವ್ವ ಒಳಗೆ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳೆಂದು ಕಾಣುತ್ತದೆ. "ನನ್ನ ಕೇಳ್ರಿ. ಒಂದು ಹೊಸ್ತಿಲ ಹುಣ್ಣಿಮಿ ಹಿಂದಿನ ದಿನ, ಒಂದು ಬನದ ಹುಣ್ಣಿಮಿ ಹಿಂದಿನ ದಿನ, ಒಂದು ಭಾರತ ಹುಣ್ಣಿಮಿ ದಿನಾನ, ಇದು ಮೊನ್ನಿ ಹೋಳಿ ಹುಣ್ಣಿಮೀದು. ಕೊಡ ಎತ್ತಿದವರ ಹೊಕ್ಕಳ ಎತ್ತಿದ ದಿನ ಸರೀತೈತಿ. ಇಕೀದು ಹುಣ್ಣಿಮಿ ಕಾಯತೈತಿ. ಹೊಕ್ಕಳಕ್ಕ ಪಂಚಾಂಗ ತಿಳೀತೈತೇನ್ರಿ? ನನಗ ಆವಾಗ ಸಂಶೆ ಬಂದಿತ್ತು."

"ಮತ್ತ ಯಾಕ ಹೇಳಲಿಲ್ಲ ಆಯಿ?" ಎಂದೆ ನಾನು.

"ನೀ ಯಾರ ಮಾತ ಕೇಳತಿ?"

ಡಾಕ್ಟರು ಗೋಡೆಯ ಕ್ಯಾಲೆಂಡರನ್ನೂ ಅದರ ಹಿಂದಿದ್ದ ಹೋದ ವರ್ಷದ್ದನ್ನೂ ಇಳಿಸಿ ಹುಣ್ಣಿಮೆಗಳಿಗೆ ಗುರುತು ಹಾಕಿದರು. ಶಿವಾನಿಗೆ ಕಾಲೇಜು ತಪ್ಪಿದ ದಿನಗಳು ನೆನಪಾದವು; ಅವೂ ಅಲ್ಲೇ ಬಂದು ಕುಳಿತವು, ಎರಡು ಪ್ರಾಕ್ಟಿಕಲ್ ಸಮೇತ.

"ಹುಣ್ಣಿಮೀದೇನೂ ತಪ್ಪಿಲ್ಲ," ಎಂದರು. "ಇಕೀ ಮುಟ್ಟು ಆ ಹೊತ್ತಿಗೆ ಬರಾಕತ್ತೈತಿ, ಅಷ್ಟ. ಗರ್ಭಚೀಲದ ಒಳಗಿನ ಪದರಿನಂಥಾದ್ದು ಹೊರಗೂ ಬೆಳದಿರಬೇಕು. ತಿಂಗಳ ತಿಂಗಳಾ ಅದೂ ಬಾತು ನೋಯತೈತಿ. ಎಂಡೊಮೆಟ್ರಿಯೋಸಿಸ್ ಅಂತಾರ. ಸ್ಕ್ಯಾನಿನ್ಯಾಗ ಎಷ್ಟೋ ಸಲ ಕಾಣಂಗಿಲ್ಲ. ಕಾಣಲಿಲ್ಲಂದ್ರ ಇಲ್ಲಂತಲ್ಲ."

"ಆಪರೇಶನ್ನೇನ್ರಿ?"

"ಈಗ ಬ್ಯಾಡ. ದಿನಾ ಒಂದು ಹಾರ್ಮೋನ್ ಗುಳಿಗಿ, ನೋವಿಗೆ ಬ್ಯಾರೇದು. ನೋವು ಏರೂತನಕ ಕಾಯಬ್ಯಾಡ್ರಿ, ಮೊದಲ ನುಂಗ್ರಿ. ಮೂರು ತಿಂಗಳದಾಗ ಕಡಿಮಿ ಆಗಲಿಲ್ಲಂದ್ರ ದೊಡ್ಡ ಡಾಕ್ಟರ್ ಕಡೆ ಕಳಸ್ತೇನಿ."

ನಾನು ದನಿ ತಗ್ಗಿಸಿದೆ. "ಲಗ್ನ ಆಗಲಾರದ ಹುಡಿಗಿಗೆ ಹಾರ್ಮೋನ್ ಗುಳಿಗಿ... ಮುಂದ ಮಕ್ಕಳು?"

"ಗುಳಿಗಿಯಿಂದ ಮಕ್ಕಳಾಗೂದು ಕಾಯಂ ನಿಲ್ಲಂಗಿಲ್ರಿ. ಬಿಟ್ಟ ಮ್ಯಾಲ ಎಲ್ಲಾ ಮೊದಲಿನಂಗ. ಆಯಿ, ನೀವು ಇಕೀ ಹೊಟ್ಟಿ ಜೋರ್ ಒತ್ತಬ್ಯಾಡ್ರಿ. ಇಂಥಾ ಹೊಕ್ಕಳ ಬಂದ್ರ ನನ್ನ ಕಡೆ ಕಳಸ್ರಿ."

"ಕಳಸ್ತೇನಿ," ಎಂದಳು ಶಟ್ಟೆವ್ವ, ತಾನೂ ಒಬ್ಬ ಡಾಕ್ಟರೆಂಬ ಗತ್ತಿನಲ್ಲಿ. "ಅಂದ್ರ ನನ್ನ ಕೈ ಸೋತಿಲ್ಲ."

ಮರಳುವ ಬಸ್ಸಿನಲ್ಲಿ ಶಿವಾನಿ ಮೆಲ್ಲಗೆ ಕೇಳಿದಳು, "ಪಾಸ್?"

"ಮುಗಿಯೂದರಾಗ ಹೊಸಾದು ಮಾಡಸು," ಎಂದೆ. ತಡಕೋ ಎಂದ ಬಾಯಿಗೆ ಅದಕ್ಕಿಂತ ಹೆಚ್ಚು ಬರಲಿಲ್ಲ.

ಮೊದಲ ತಿಂಗಳು ಅಷ್ಟಕ್ಕಷ್ಟೆ: ನಡುನಡುವೆ ಬಟ್ಟೆಗೆ ರಕ್ತದ ಕಲೆ, ಎಲ್ಲರ ಮೇಲೂ ಸಿಟ್ಟು. ಎರಡನೆಯದರಲ್ಲಿ ಒಂದೇ ದಿನ ಮಲಗಿದಳು. ಮೂರನೆಯ ತಿಂಗಳು ಪ್ರಾಕ್ಟಿಕಲ್ ಬಿದ್ದದ್ದು ಸರಿಯಾಗಿ ಕಾರ ಹುಣ್ಣಿಮೆಯ ಹಿಂದಿನ ದಿನ. ಹಿಂದಿನ ಸಂಜೆಯಿಂದಲೇ ನಾನು ಅವಳ ಮುಖ ನೋಡುತ್ತಿದ್ದೆ. ಅವಳು ಎರಡು ರೊಟ್ಟಿ ತಿಂದು, ಗುಳಿಗೆ ನುಂಗಿ, ಬಿಳಿ ಕೋಟು ಚೀಲಕ್ಕೆ ತುರುಕಿ ಏಳೂವರೆಯ ಬಸ್ಸಿಗೆ ಓಡಿದಳು. ಚಪ್ಪಲಿಯಿಂದ ಇಣುಕುವ ಹೆಬ್ಬೆರಳಿನಲ್ಲಿ ಒಂದೇ ದಾರ ಉಳಿದಿತ್ತು.

ಎಂಟಕ್ಕೆ ಶಟ್ಟೆವ್ವ ಎಣ್ಣೆಯ ಬಟ್ಟಲು ಹಿಡಿದು ಬಾಗಿಲಿಗೆ ಬಂದಳು. "ಒತ್ತಂಗಿಲ್ಲ. ಸುಮ್ನ ಸೊಂಟಕ್ಕ ಹಚ್ಚತೇನಿ. ಎಲ್ಲೆದಾಳ ಹುಡಿಗಿ?"

"ಪರೀಕ್ಷಾಕ್ಕ ಹೋದ್ಲು ಆಯಿ."

ಆಕೆ ಬಟ್ಟಲು ನೋಡಿದಳು, ನನ್ನನ್ನು ನೋಡಿದಳು. "ಕಾಸಿದ ಎಣ್ಣಿ ಹಾಳ ಮಾಡಬಾರದು. ನಿನ್ನ ಮೊಳಕಾಲ ನೋಯತೈತಲ್ಲ, ಚಾಚು."

"ರೊಟ್ಟಿ ಬಡಿಯೂದೈತಿ ಆಯಿ, ತಡಕೋತೇನಿ."

"ತಡಕೋ ಅನ್ನೂದನ್ನ ಈ ಮನ್ಯಾಗ ಬಿಟ್ಟೀರಿ ಅಂದ್ಕೊಂಡಿದ್ದೆ," ಎಂದು ಆಕೆ ಅಲ್ಲೇ ಪಡಸಾಲೆಯಲ್ಲಿ ಕುಳಿತಳು.

ನಾನು ಕಾಲು ಚಾಚಿದೆ.